ಗ್ರಾಮಸಭೆಯ ನಡವಳಿಯ ಪ್ರತಿ ಪಡೆಯುವ ಕ್ರಮ

ಹಿರೇಕೆರೂರು ತಾಲ್ಲೂಕಿನ ಸಾರ್ವಜನಿಕರ ಗಮನಕ್ಕೆ. ವಸತಿ ಯೋಜನೆಯ ಫಲಾನುಭವಿಗಳನ್ನು ಗ್ರಾಮಸಭೆಯಲ್ಲಿ ಆಯ್ಕೆ ಮಾಡತಕ್ಕದ್ದು. ಸಭೆಯಲ್ಲಿ ಓದಲಾದ ಹೆಸರು ನಂತರದ ಪಟ್ಟಿಯಲ್ಲಿ ಇಲ್ಲದಿದ್ದಲ್ಲಿ, ಬಾಯಿಮಾತಿನ ತಕರಾರಿಗಿಂತ ನಡವಳಿಯ ದೃಢೀಕೃತ ಪ್ರತಿಯೇ ಗಟ್ಟಿ ಆಧಾರ.

ರಾಜ್ಯದ 2000ದ ಮಾಹಿತಿ ಹಕ್ಕು ಅಧಿನಿಯಮದ ಸ್ಥಾನದಲ್ಲಿ ಈಗ ಕೇಂದ್ರದ ಅಧಿನಿಯಮ, 2005 ಜಾರಿಯಲ್ಲಿದ್ದು, ಮಾಹಿತಿ ಕೋರಲು ಕಾರಣ ತಿಳಿಸಬೇಕಾಗಿರುವುದಿಲ್ಲ. ಗ್ರಾಮ ಪಂಚಾಯತಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂ. ಶುಲ್ಕದೊಂದಿಗೆ ಅರ್ಜಿ ಸಲ್ಲಿಸತಕ್ಕದ್ದು. ಬಡತನ ರೇಖೆಗಿಂತ ಕೆಳಗಿನವರು ಪುರಾವೆ ಲಗತ್ತಿಸಿದಲ್ಲಿ ಶುಲ್ಕವಿಲ್ಲ. ‘ಎಲ್ಲಾ ದಾಖಲೆಗಳು’ ಎಂದು ಬರೆಯುವ ಬದಲು ಸಭೆಯ ದಿನಾಂಕ ಹಾಗೂ ವಿಷಯವನ್ನು ನಮೂದಿಸುವುದು ಲೇಸು. ಹಾಜರಿ ಪುಸ್ತಕದ ಪ್ರತಿಯನ್ನೂ ಕೋರಬಹುದು.

30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ, ತದನಂತರದ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಬಹುದಾಗಿದೆ.