ಮರಳುಗಾಡಿನ ನಡುವೆ ಕೆರೆ, ಕೆರೆ ತುಂಬ ಹಕ್ಕಿ: ದುಬೈನ ಅಲ್ ಕುದ್ರಾ ಪವಾಡವೇ?

ಸುತ್ತ ಮರಳಿನ ದಿಬ್ಬಗಳು, ನಡುವೆ ನೀಲಿ ನೀರು, ನೀರಿನಲ್ಲಿ ಸಾಲಾಗಿ ನಿಂತ ಗುಲಾಬಿ ಬಣ್ಣದ ರಾಜಹಂಸಗಳು. ಇಂಥ ಫೋಟೊದ ಕೆಳಗೆ ‘ಮರುಭೂಮಿಯಲ್ಲಿ ತಾನಾಗಿ ಉಕ್ಕಿದ ಕೆರೆ’ ಎಂದು ಯಾರಾದರೂ ಬರೆದು ಕಳಿಸಿದರೆ ನಂಬುವುದು ಸುಲಭ. ‘ಇದು ಕಂಪ್ಯೂಟರ್ ಚಿತ್ರ’ ಎಂದು ತಳ್ಳಿಹಾಕುವುದೂ ಅಷ್ಟೇ ಸುಲಭ. ಎರಡೂ ತಪ್ಪು.

ಈ ಕೆರೆ ನಿಜವಾಗಿಯೂ ಇದೆಯೇ?

ಇದೆ. ದುಬೈ ನಗರದಾಚೆ, ಅಲ್ ಕುದ್ರಾ ರಸ್ತೆಯ ಸಮೀಪ, ಅಲ್ ಮರ್ಮೂಮ್ ಸಂರಕ್ಷಿತ ಮರುಭೂಮಿಯಲ್ಲಿ ಈ ಕೆರೆಗಳಿವೆ. ಆದರೆ ಇವು ತಾನಾಗಿ ಹುಟ್ಟಿದವಲ್ಲ, ಮನುಷ್ಯರೇ ತೋಡಿಸಿದವು. ಹತ್ತಿರದ ‘ಲವ್ ಲೇಕ್’ ಮೇಲಿನಿಂದ ಜೋಡಿ ಹೃದಯದಂತೆ ಕಾಣುವುದೂ ಅದನ್ನು ಹಾಗೆ ತೋಡಿದ್ದರಿಂದಲೇ. ದುಬೈನಲ್ಲಿ ಬೀಳುವ ಸರಾಸರಿ ಮಳೆ ವರ್ಷಕ್ಕೆ 100 ಮಿಲಿಮೀಟರ್‌ಗಿಂತ ಕಡಿಮೆ. ಅಲ್ಲಿನ ಬಿಸಿಲಿಗೆ ಬಯಲಿನ ನೀರು ಬೇಗ ಆವಿಯಾಗುತ್ತದೆ. ಹಾಗಾಗಿ ಮಳೆಯನ್ನೇ ನಂಬಿದ ಕೆರೆ ಅಲ್ಲಿ ವರ್ಷವಿಡೀ ಉಳಿಯಲಾರದು.

ಹಕ್ಕಿಗಳು ಅಲ್ಲಿಗೇ ಏಕೆ ಬರುತ್ತವೆ?

ಚಳಿಗಾಲಕ್ಕೆ ಮುನ್ನ ಉತ್ತರದ ತಂಪು ನಾಡುಗಳಿಂದ ಲಕ್ಷಾಂತರ ಹಕ್ಕಿಗಳು ದಕ್ಷಿಣಕ್ಕೆ ವಲಸೆ ಹೊರಡುತ್ತವೆ. ಹಲವಕ್ಕೆ ಅರೇಬಿಯಾದ ಮರಳುಗಾಡು ಹಾದಿಯಲ್ಲೇ ಸಿಗುತ್ತದೆ. ಹೊರಡುವ ಮುನ್ನ ಮೈಯಲ್ಲಿ ಕೂಡಿಟ್ಟ ಕೊಬ್ಬೇ ದಾರಿಯ ಬುತ್ತಿ. ಅದು ಕರಗುತ್ತ ಬಂದಾಗ ನೀರು, ನೆರಳು, ಹುಳುಹುಪ್ಪಟೆ ಬೇಕೇ ಬೇಕು. ಮೈಲಿಗಟ್ಟಲೆ ಮರಳಿನಲ್ಲಿ ಹಸಿರಿನ ತುಣುಕು ಒಂದೇ ಇದ್ದರೆ ಎಲ್ಲವೂ ಅಲ್ಲೇ ಇಳಿಯುತ್ತವೆ. ಹೆದ್ದಾರಿಯಲ್ಲಿ ಒಂದೇ ಢಾಬಾ ಇದ್ದರೆ ಎಲ್ಲ ಲಾರಿಗಳೂ ಅಲ್ಲೇ ನಿಲ್ಲುವಂತೆ. ಹಕ್ಕಿ ವೀಕ್ಷಕರು ಚಳಿಗಾಲದಲ್ಲಿ, ಅದರಲ್ಲೂ ಬೆಳಗಿನ ಹೊತ್ತು, ಬೈನಾಕ್ಯುಲರ್ ಹಿಡಿದು ಹೋಗುವುದು ಇದಕ್ಕೇ.

ಮರಳಿನಲ್ಲಿ ಮರ ಹೇಗೆ?

ಈ ಪ್ರದೇಶದ ಮುಖ್ಯ ಮರ ‘ಘಾಫ್’. ಇದು ಯುಎಇಯ ರಾಷ್ಟ್ರೀಯ ವೃಕ್ಷ. ಅಪರಿಚಿತವೇನಲ್ಲ: ದಸರೆಯಲ್ಲಿ ನಾವು ಪೂಜಿಸುವ ಬನ್ನಿ, ಅಂದರೆ ಶಮೀ ವೃಕ್ಷ ಇದೇ ಜಾತಿ. ಬೇರು ಹತ್ತಾರು ಮೀಟರ್ ಆಳಕ್ಕೆ ಇಳಿದು ನೀರು ಹುಡುಕುವುದರಿಂದ ಮರಳಿನಲ್ಲೂ ಹಸಿರಾಗಿರುತ್ತದೆ.

ಹಕ್ಕಿಗೆ ಬ್ರೆಡ್ ಹಾಕಿದರೆ ಪುಣ್ಯವೇ?

ಒಳ್ಳೆಯ ಮನಸ್ಸಿನಿಂದಲೇ ಮಾಡಿದರೂ ಇದರಿಂದ ಕೆಡುಕೇ ಹೆಚ್ಚು. ಬ್ರೆಡ್ಡಿನಿಂದ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ. ಮುಂದೆ ಸಾವಿರಾರು ಕಿಲೋಮೀಟರ್ ಹಾರಬೇಕಾದ ಹಕ್ಕಿಗೆ ಇದು ದೊಡ್ಡ ನಷ್ಟ. ಉಳಿದ ಚೂರುಗಳು ಕೊಳೆತು ನೀರು ಕೆಡುತ್ತದೆ, ಪಾಚಿ ಬೆಳೆಯುತ್ತದೆ. ರಾಜಹಂಸದ ಗುಲಾಬಿ ಬಣ್ಣ ಬರುವುದೇ ಅದು ತಿನ್ನುವ ಪಾಚಿ ಮತ್ತು ಸಣ್ಣ ಜಲಜೀವಿಗಳಲ್ಲಿರುವ ಕೆರೊಟಿನಾಯ್ಡ್‌ಗಳಿಂದ.

ಹಿಂಡು ಒಟ್ಟಿಗೆ ಹಾರುವ ವಿಡಿಯೊ ಬೇಕೆಂದು ಕಲ್ಲೆಸೆಯುವುದು, ಓಡಿಸುವುದು, ಡ್ರೋನ್ ಹಾರಿಸುವುದು ಇನ್ನೂ ಕೆಟ್ಟದ್ದು. ದಣಿದ ಹಕ್ಕಿಯನ್ನು ಒಮ್ಮೆ ಎಬ್ಬಿಸಿದರೂ ಅದು ಕೂಡಿಟ್ಟ ಶಕ್ತಿ ಖರ್ಚಾಗುತ್ತದೆ. ಈ ಮಾತು ನಮ್ಮೂರಿನ ಕೆರೆಗೆ ಬರುವ ವಲಸೆ ಹಕ್ಕಿಗಳಿಗೂ ಅನ್ವಯಿಸುತ್ತದೆ.

ಒಟ್ಟಿನಲ್ಲಿ: ಕೆರೆ ನಿಜ, ಹಕ್ಕಿಗಳು ನಿಜ, ಪವಾಡ ಸುಳ್ಳು. ಫೋಟೊ ಫಾರ್ವರ್ಡ್ ಮಾಡುವುದಾದರೆ ‘ದೂರದಿಂದ ನೋಡಿ, ತಿನಿಸು ಹಾಕಬೇಡಿ’ ಎಂಬ ಒಂದು ಸಾಲನ್ನೂ ಸೇರಿಸಿ ಕಳಿಸಿ.