ಕಣ್ಣೆದುರಿನ ದ್ವೀಪ

ಅಥೆನ್ಸಿನ ರೇವಾದ ಪಿರೀಯಸ್ಸಿನಿಂದ ನೈರುತ್ಯದ ಕಡೆಗೆ ನೋಡಿದರೆ ಈಜೈನಾ ಎಂಬ ಚಿಕ್ಕ ದ್ವೀಪವು ಕಾಣುವುದು. ಅದರ ನೆಲ ಬಡವಾದುದು. ಜನರು ಮಾತ್ರ ಸಮುದ್ರವ್ಯಾಪಾರದಲ್ಲಿ ನಿಪುಣರು. ಆಮೆಯ ಮುದ್ರೆಯುಳ್ಳ ಅವರ ಬೆಳ್ಳಿಯ ನಾಣ್ಯವು ಗ್ರೀಕರ ಅನೇಕ ಪೇಟೆಗಳಲ್ಲಿ ಸಲ್ಲುತ್ತಿದ್ದ ಕಾಲಕ್ಕೆ ಅಥೆನ್ಸಿನಲ್ಲಿ ಹೇಳಿಕೊಳ್ಳುವಂತಹ ನೌಕಾಬಲವೇ ಇರಲಿಲ್ಲ.

ಕ್ರಿ.ಪೂ. ಆರನೆಯ ಶತಮಾನದ ಕೊನೆಯ ಹೊತ್ತಿಗೆ ಈ ನೆರೆಯವರಲ್ಲಿ ವೈರವು ಬಲಿಯಿತು. ಹಿರೊಡೋಟಸನು ಹೇಳುವ ಒಂದು ಸಂಗತಿಯನ್ನು ಕೇಳಬೇಕು. ಈಜೈನಾದ ನಿಕೊಡ್ರೊಮಸ್ ಎಂಬವನು ತನ್ನ ಊರನ್ನು ಅಥೆನ್ಸಿಗೆ ಹಿಡಿದುಕೊಡಲೊಪ್ಪಿ ದಿನವನ್ನೂ ಗೊತ್ತುಮಾಡಿದ್ದನು. ಅಥೆನ್ಸಿನವರಲ್ಲಿ ಇದ್ದ ಹಡಗುಗಳು 50. ಸಾಲದೆಂದು ಕೊರಿಂಥದಿಂದ ಇನ್ನೂ 20 ತಂದರು. ಬಿಟ್ಟಿಯಾಗಿ ಕೊಡಲು ಅಲ್ಲಿನ ಕಾನೂನು ಅಡ್ಡಬಂದುದರಿಂದ ಒಂದೊಂದಕ್ಕೆ 5 ದ್ರಾಖ್ಮೆ, ಹೆಸರಿಗೆ ಮಾತ್ರ ಕ್ರಯ! ಇಷ್ಟೆಲ್ಲ ಮಾಡಿಕೊಂಡು ತಲಪುವಷ್ಟರಲ್ಲಿ ಒಂದು ದಿನ ತಡವಾಗಿತ್ತು, ಸಂಚು ಕೆಟ್ಟಿತ್ತು.

ಕ್ರಿ.ಪೂ. 483ರಲ್ಲಿ ಲಾರಿಯಮ್ಮಿನ ಗಣಿಗಳಿಂದ ಅಥೆನ್ಸಿಗೆ ಹೇರಳವಾಗಿ ಬೆಳ್ಳಿ ದೊರೆಯಿತು. ತಲೆಗೆ 10 ದ್ರಾಖ್ಮೆಯಂತೆ ಹಂಚಿಕೊಳ್ಳಲು ಪೌರರು ಹವಣಿಸುತ್ತಿದ್ದಾಗ, ಆ ಹಣದಿಂದ ಹಡಗು ಕಟ್ಟಬೇಕೆಂದು ಥೆಮಿಸ್ಟೊಕ್ಲೀಸನು ವಾದಿಸಿದನು. ಪಾರಸಿಕ ಚಕ್ರವರ್ತಿಯ ಹೆಸರನ್ನೆತ್ತಿದ್ದರೆ ಜನರು ಕಿವಿಗೊಡುತ್ತಿದ್ದರೋ ಇಲ್ಲವೋ. ಅವನು ಬೆರಳು ತೋರಿದ್ದು ಈಜೈನಾದ ಕಡೆಗೆ. ಕೈಗೆ ಬರಲಿದ್ದ ಹಣವನ್ನು ಜನರು ಬಿಟ್ಟುಕೊಟ್ಟರು. ಮೂರು ವರ್ಷಗಳಲ್ಲಿ ಹಡಗುಗಳ ಸಂಖ್ಯೆ 200ಕ್ಕೆ ಏರಿತು.

ಆದರೆ ಆ ಹಡಗುಗಳು ಮೊದಲು ಹೋರಾಡಿದ್ದು ಈಜೈನಾದೊಡನೆ ಅಲ್ಲ, ಅದರ ಪಕ್ಕದಲ್ಲಿ. ಕ್ರಿ.ಪೂ. 480ರಲ್ಲಿ ಷರ್ಕ್ಸೀಸನು ದಂಡೆತ್ತಿ ಬಂದಾಗ ಸಲಾಮಿಸ್ಸಿನ ಜಲಸಂಧಿಯಲ್ಲಿ ಹಳೆಯ ವೈರಿಗಳು ಒಂದೇ ಪಕ್ಷದಲ್ಲಿ ನಿಂತರು. ಈಜೈನಾದವರು ಪಾರಸಿಕರಿಗೆ ಒಲಿದವರೆಂದು ಅಥೆನ್ಸಿನವರು ಹಿಂದೆ ದೂರಿದ್ದರು. ಕ್ರಿಯಸ್ ಎಂಬ ಮುಖಂಡನು ಅದರಿಂದ ಅಥೆನ್ಸಿನಲ್ಲಿ ಒತ್ತೆಯಾಗಿ ಇರಬೇಕಾಗಿತ್ತು. ಅವನ ಮಗ ಪಾಲಿಕ್ರಿಟಸನು ಯುದ್ಧದ ನಡುವೆ ಶತ್ರುವಿನ ಹಡಗೊಂದನ್ನು ಗುದ್ದಿ, ಎದುರಿಗೆ ಥೆಮಿಸ್ಟೊಕ್ಲೀಸನ ನೌಕೆಯನ್ನು ಕಂಡು, ಪಾರಸಿಕರಿಗೆ ಒಲಿದವರು ನಾವೇ ತಾನೆ ಎಂಬಂತೆ ಕೂಗಿ ಹಂಗಿಸಿದನಂತೆ! ಆ ದಿನದ ಶೌರ್ಯದ ಮೊದಲ ಮರ್ಯಾದೆಯೂ ಈಜೈನಾಕ್ಕೇ ಸಂದಿತು, ಅಥೆನ್ಸಿಗೆ ಎರಡನೆಯದು.

ಪಾರಸಿಕರು ಹಿಂದೆಗೆದರು, ಹಡಗುಗಳು ಉಳಿದುವು. ಸುಮಾರು ಕ್ರಿ.ಪೂ. 457ರಲ್ಲಿ ಈಜೈನಾ ಅಥೆನ್ಸಿಗೆ ಶರಣಾಗಿ, ಕೋಟೆಯನ್ನು ಕೆಡವಿ, ನೌಕೆಗಳನ್ನೊಪ್ಪಿಸಿ, ಕಪ್ಪ ತೆರಬೇಕಾಯಿತು. ಕ್ರಿ.ಪೂ. 431ರಲ್ಲಿ ಅಥೆನ್ಸಿನವರು ದ್ವೀಪದ ಜನರನ್ನು ಹೆಂಗಸರು ಮಕ್ಕಳೊಡನೆ ಹೊರದೂಡಿ ತಮ್ಮವರನ್ನು ನೆಲೆಗೊಳಿಸಿದರು. ಸ್ಪಾರ್ಟದವರು ಆ ನಿರಾಶ್ರಿತರಿಗೆ ಥೈರಿಯಾದಲ್ಲಿ ನೆಲವನ್ನಿತ್ತರು. ಅಲ್ಲಿಗೂ ಕ್ರಿ.ಪೂ. 424ರಲ್ಲಿ ಅಥೆನ್ಸಿನ ನೌಕಾಸೈನ್ಯವು ಹೋಗಿ, ಊರನ್ನು ಸುಟ್ಟು, ಸೆರೆಸಿಕ್ಕ ಈಜೈನಾದವರನ್ನು ತಂದು ಕೊಂದಿತು. ಅಳಿದುಳಿದವರನ್ನು ಕ್ರಿ.ಪೂ. 405ರಲ್ಲಿ ಹುಡುಕಿ ಒಟ್ಟುಗೂಡಿಸಿ ಅವರ ದ್ವೀಪಕ್ಕೆ ಮರಳಿಸಿದವನು ಸ್ಪಾರ್ಟದ ನೌಕಾಪತಿ ಲೈಸಾಂಡರ್. ಆಗ ಅವನು ಅಥೆನ್ಸಿನ ನೌಕಾಬಲವನ್ನೆಲ್ಲ ಮುರಿದು ಪಿರೀಯಸ್ಸಿನ ಕಡೆಗೆ ಸಾಗುತ್ತಿದ್ದನು.