ಚೌಕಟ್ಟು ಕಟ್ಟಡಗಳ ಬಲ ವಿಶ್ಲೇಷಣೆ (ಜಪಾನ್)

ಕಂಬಕ್ಕೆ ತೊಲೆಯನ್ನು ಬಿಗಿಯಾಗಿ ಬೆಸೆದ ಚೌಕಟ್ಟಿನಲ್ಲಿ ಯಾವ ಅಂಗ ಎಷ್ಟು ಬಲ ಹೊರುತ್ತದೆ ಎಂಬ ಲೆಕ್ಕ ಜಪಾನಿನಲ್ಲಿ ಭೂಕಂಪದ ಜೊತೆಗೇ ಬೆಳೆಯಿತು. 1891ರ ನೋಬಿ ಕಂಪನದಲ್ಲಿ ಇಟ್ಟಿಗೆ ಕಟ್ಟಡಗಳು ಉರುಳಿದವು; ಮರುವರ್ಷ ಸರ್ಕಾರ ತನಿಖಾ ಸಮಿತಿ ನೇಮಿಸಿತು.

ತಿರುವು ತಂದವರು ಎಂಜಿನಿಯರ್ ಸಾನೋ ತೋಷಿಕಾತ. ನೆಲದ ಅದುರಾಟದ ಬದಲು ಕಟ್ಟಡದ ತೂಕದ ಒಂದು ಪಾಲನ್ನು ಅಡ್ಡಬಲವೆಂದು ಹಿಡಿದರೆ ಸಾಕು ಎಂದು 1910ರ ದಶಕದಲ್ಲಿ ಅವರು ತೋರಿಸಿದರು. ಆ ಪಾಲಿನ ಹೆಸರು 'ಶಿಂದೋ'. ಚಲನೆಯ ಕಗ್ಗಂಟು ಸ್ಥಿತಿ ಸಮತೋಲನದ ಲೆಕ್ಕವಾಯಿತು. ಮಹಡಿಯೂ ಅದರ ಮೇಲಿನದೂ ಸೇರಿ ತೂಕ 1000 ಟನ್, ಶಿಂದೋ 0.1 ಎಂದಾದರೆ, ಆ ಮಹಡಿಯ ಕಂಬಗಳೆಲ್ಲ ಸೇರಿ 100 ಟನ್ ಅಡ್ಡಬಲ ತಡೆಯಬೇಕು.

ಒಟ್ಟು ಸಿಕ್ಕಿತು, ಹಂಚಿಕೆ? ಸಮತೋಲನದ ಸಮೀಕರಣಗಳು ಇಲ್ಲಿ ಕೈಚೆಲ್ಲುತ್ತವೆ. ಪ್ರತಿ ಕಂಬದ ಪಾಲು ಅದರ ಬಿಗುವನ್ನೂ, ತುದಿಗಳಲ್ಲಿ ಸೇರುವ ತೊಲೆಗಳ ಬಿಗುವನ್ನೂ ಅವಲಂಬಿಸಿದೆ. ಈ ಪಾಲನ್ನು ನಿರ್ಧರಿಸುವ ಗುಣಾಂಕಕ್ಕೆ 'ಡಿ ಮೌಲ್ಯ' ಎಂದು ಹೆಸರು. ಅದನ್ನು ಎಂಜಿನಿಯರ್ ಮುತೋ ಕಿಯೋಶಿ ಒಬ್ಬರ ಹೆಸರಿಗೇ ಬರೆಯುವುದು ರೂಢಿ. ಆದರೆ ಅಡ್ಡಬಲ ಹಂಚಿಕೆಯ ಗುಣಾಂಕವನ್ನು ಅವರಿಗಿಂತ ಮೊದಲೇ ವಾಸೆದಾ ವಿಶ್ವವಿದ್ಯಾಲಯದ ನಾಯ್ತೋ ತಾಚು ಬಳಸಿದ್ದರು. ದಿನನಿತ್ಯದ ಕೈಲೆಕ್ಕಕ್ಕೆ ಒಗ್ಗುವಂತೆ ಅದನ್ನು ಬೆಳೆಸಿದ್ದು ಮುತೋ. ಪಾಲು ತಿಳಿದ ಮೇಲೆ ಕಂಬ ಬಾಗುವ ದಿಕ್ಕು ಬದಲಿಸುವ ಬಿಂದುವನ್ನು ಗುರುತಿಸಿ, ಅಲ್ಲಿಂದ ತುದಿಯವರೆಗಿನ ಎತ್ತರಕ್ಕೆ ಬಲವನ್ನು ಗುಣಿಸಿದರೆ ತುದಿಯ ಬೆಂಡಿಂಗ್ ಮೊಮೆಂಟ್ ದೊರೆಯುತ್ತದೆ. ಅಲ್ಲಿಂದ ಮುಂದೆ ಮತ್ತೆ ಬರೀ ಸಮತೋಲನ.

ನಾಯ್ತೋ ವಿನ್ಯಾಸದ ಟೋಕಿಯೋದ ಇಂಡಸ್ಟ್ರಿಯಲ್ ಬ್ಯಾಂಕ್ ಕಟ್ಟಡ ಮುಗಿದ ಕೆಲವೇ ತಿಂಗಳಿಗೆ, 1923ರ ಸೆಪ್ಟೆಂಬರ್ 1ರಂದು, ಕಾಂತೋ ಭೂಕಂಪ ಬಂತು. ಕಟ್ಟಡ ಹೆಚ್ಚು ಹಾನಿಯಿಲ್ಲದೆ ನಿಂತಿತು. ಇದನ್ನು ಚೌಕಟ್ಟಿನ ಲೆಕ್ಕದ ಗೆಲುವೆಂದಷ್ಟೇ ಹೇಳುವುದು ಅರೆಸತ್ಯ. ಅದರೊಳಗೆ ಅಡ್ಡಬಲ ತಡೆಯುವ ಕಾಂಕ್ರೀಟ್ ಗೋಡೆಗಳೂ ಇದ್ದವು.

1924ರ ಕಟ್ಟಡ ನಿಯಮ ಶಿಂದೋವನ್ನು 0.1 ಎಂದು ನಿಗದಿಮಾಡಿತು. 1950ರ ಕಾನೂನಿನಲ್ಲಿ ಅದು 0.2 ಆಯಿತು. ಬಲ ಇಮ್ಮಡಿಸಿತೆಂದು ಓದುವುದು ತಪ್ಪು. ಭೂಕಂಪದ ಹೊತ್ತಿಗೆ ವಸ್ತುವಿಗೆ ಅನುಮತಿಸುವ ಒತ್ತಡವನ್ನೂ ಸುಮಾರಾಗಿ ಇಮ್ಮಡಿಗೊಳಿಸಿದ್ದರಿಂದ ಕಂಬದ ಗಾತ್ರದಲ್ಲಿ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ.

ನಡುವೆ ದೊಡ್ಡ ಜಗಳವೊಂದು ನಡೆದಿತ್ತು. ಕಟ್ಟಡ ಬಿಗಿಯಾಗಿರಬೇಕೆಂದು ಸಾನೋ, ಮುತೋ. ಬಳುಕಬೇಕೆಂದು ನೌಕಾದಳದ ಮಾಶಿಮ ಕೆನ್ಜಾಬುರೋ. ತೀರ್ಪು ಕೊಡಲು ಬಲವಾದ ಕಂಪನದ ದಾಖಲೆಗಳೇ ಇರಲಿಲ್ಲ. ವಿಚಿತ್ರವೆಂದರೆ, 1968ರಲ್ಲಿ ಮುಗಿದ 36 ಮಹಡಿಯ ಕಾಸುಮಿಗಾಸೆಕಿ ಕಟ್ಟಡವನ್ನು ಬಳುಕುವಂತೆ ವಿನ್ಯಾಸಗೊಳಿಸುವುದರಲ್ಲಿ ಮುಂದಾಳಾಗಿದ್ದವರು ಅದೇ ಮುತೋ. ಅಲ್ಲಿ ಗಣಕಯಂತ್ರ ಚಲನೆಯ ಲೆಕ್ಕವನ್ನೇ ನೇರ ಮಾಡಿತು. 1981ರ ನಿಯಮ ಎರಡು ಹಂತದ ಪರಿಶೀಲನೆ ತಂದರೂ ಸಾಧಾರಣ ಎತ್ತರದ ಕಟ್ಟಡಗಳಿಗೆ ಸ್ಥಿತಿ ಸಮತೋಲನದ ಅಡ್ಡಬಲವನ್ನು ಉಳಿಸಿಕೊಂಡಿತು.